ಮಾಳಸಿದ್ದನ ಫ್ರೆಂಚ್ ಮರ್ಯಾದೆ

ಪಾಲಬಾವಿಯ ಕುರಿಗಾರ ಮಾಳಸಿದ್ದನಿಗೆ ಐವತ್ತು ದಾಟಿದ ಮೇಲೆ ಫ್ರೆಂಚ್ ಕಲಿಯುವ ಹುಚ್ಚು ಹಿಡಿಯಿತು ಅಂದರೆ ನೀವು ನಗುತ್ತೀರಿ. ನಗಿ, ಯಾರು ಬೇಡ ಅಂದರು? ಆದರೆ ಹುಚ್ಚಿಗೂ ಒಂದು ಕಾರಣ ಇರುತ್ತದಲ್ಲ. ಚಿಕ್ಕೋಡಿಯ ಕುರಿಗಾರರ ಸಂಘದವರು ಒಂದು ವಿಡಿಯೋ ತೋರಿಸಿದ್ದರು. ಫ್ರಾನ್ಸಿನ ಒಂದು ಊರು. ಬೇಸಿಗೆಗೆ ಕುರಿ ಹಿಂಡು ಬೆಟ್ಟಕ್ಕೆ ಹೊರಟಿದೆ. ಕುರಿಗಳ ಮೈಮೇಲೆ ಬಣ್ಣದ ಗೊಂಡೆ, ಬೀದಿಯ ಎರಡೂ ಬದಿಗೆ ಜನ, ಮುಂದೆ ಬಾಜಾ ಬಜಂತ್ರಿ! ಹುಟ್ಟಿದಾಗಿನಿಂದ ಅವನು ಹಿಂಡು ಹೊಡೆದುಕೊಂಡು ಯಾವ ಊರು ಹೊಕ್ಕರೂ ಸಿಕ್ಕಿದ್ದು ಬೈಗುಳವೇ. ಸಾಯುವುದರೊಳಗೆ ಒಮ್ಮೆಯಾದರೂ ಬಾಜಾ ಬಾರಿಸುವ ಊರಿನಲ್ಲಿ ಕುರಿಗಳ ಹಿಂದೆ ನಡೆಯಬೇಕು ಎಂದು ಅವನ ಜೀವ ಹಂಬಲಿಸಿತು.

ಆ ಊರಿನ ಕುರಿಗಾರತಿ ಮಾರ್ಗೋ ಎಂಬವಳು ಮುಂದಿನ ತಿಂಗಳು ಈ ಕಡೆ ಬರುವವಳಿದ್ದಳು. ಸಂಘದವರ ಏರ್ಪಾಡಿನಂತೆ ಮಾಳಸಿದ್ದನ ಮನೆಯಲ್ಲಿ ಉಂಡು, ಕುರಿ ನೋಡಿ, ಮನಸ್ಸಿಗೆ ಬಂದರೆ ಬೇಸಿಗೆಗೆ ಕರೆಸಿಕೊಳ್ಳುತ್ತಾಳೆ. ಹೋಗಿಬರುವ ಖರ್ಚೆಲ್ಲ ಅವರದೇ. ಅಷ್ಟು ಕೇಳಿದ್ದೇ ಮಾಳಸಿದ್ದ ತಂಗಿಯ ಮಗಳು ಉಜ್ವಲಾಳನ್ನು ಹಿಡಿದುಕೊಂಡ. ಅವಳು ಕೊಲ್ಲಾಪುರದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುವಾಗ ಫ್ರೆಂಚ್ ಕಲಿತಿದ್ದಳು.

"ಮಾಮಾ, ಅಂಗಡಿಯೊಳಗ ಕಾಲಿಟ್ಟ ಕೂಡ್ಲೆ ಮದ್ಲ ಬೊಂಜೂರ್, ಅಂದ್ರ ನಮಸ್ಕಾರ, ಅನ್ಬೇಕು. ಇಲ್ಲಂದ್ರ ಅವ್ರು ನಿನ್ನ ಮಾರಿನೂ ನೋಡೂದಿಲ್ಲ."

ಮರುದಿನವೇ ರಾಯಬಾಗದ ಚಹಾದಂಗಡಿಯಲ್ಲಿ ಮಾಳಸಿದ್ದ ಒಬ್ಬೊಬ್ಬರ ಮುಂದೆಯೂ ನಿಂತು, ಕೈಮುಗಿದು ಬೊಂಜೂರ್ ಹೇಳಿದ. ಅಂಗಡಿಯವನು ಕಕ್ಕಾಬಿಕ್ಕಿಯಾಗಿ, "ಯಾವ ಪಾರ್ಟಿಯವ್ರರಿ ನೀವು? ಚಿಹ್ನಾ ಯಾವ್ದು?" ಎಂದು ಕೇಳಿದ.

ಮನೆಯಲ್ಲಿ ರೊಟ್ಟಿ ಬಿದ್ದಾಗೊಮ್ಮೆ ಮೆರ್ಸಿ, ನೀರು ಕೊಟ್ಟಾಗೊಮ್ಮೆ ಮೆರ್ಸಿ. ಹಾಗೆಂದರೆ ಉಪಕಾರವಾಯಿತು ಅನ್ನುವುದು ಎಂದು ಗೊತ್ತಾದ ದಿನ ಹೆಂಡತಿ ತಾರವ್ವ ಲಟ್ಟಣಿಗೆ ಕೆಳಗಿಟ್ಟಳು. "ಉಪಕಾರ ಯಾಕ್ರಿ? ನಾ ಏನ್ ಇಲ್ಲಿ ಖಾನಾವಳಿ ಇಟ್ಟೀನೇನ?" ಎಂದು ಕಣ್ಣೀರು ತೆಗೆದಳು. ಭೇಟಿಯಾದವರ ಗಲ್ಲಕ್ಕೆ ಗಲ್ಲ ತಾಗಿಸಿ ಮುತ್ತಿನ ಸಪ್ಪಳ ಮಾಡುವ ಪಾಠವಂತೂ ಕೇಳಲೇಬೇಡಿ. ಅಭ್ಯಾಸಕ್ಕೆ ಸಿಕ್ಕವನು ತಮ್ಮ ಲಕ್ಷ್ಮಣ. ಅಣ್ಣನ ಮೀಸೆ ಗಲ್ಲಕ್ಕೆ ತಾಗಿದ್ದೇ ತಡ, ಪುಣ್ಯಾತ್ಮ ಅಥಣಿಯ ಮಾವನ ಮನೆಗೆ ಓಡಿಹೋಗಿ, ಅಣ್ಣನ ಫ್ರೆಂಚ್ ಇಳಿಯುವವರೆಗೆ ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿಬಿಟ್ಟ.

ಇವೆಲ್ಲ ನುಂಗಿದ ಮಾಳಸಿದ್ದ ಕಂಗೆಟ್ಟಿದ್ದು ಊಟದ ಪಾಠಕ್ಕೆ.

"ಅಲ್ಲಿ ಬ್ಯಾಡ ಅಂದ್ರ ಬ್ಯಾಡ, ಮಾಮಾ. ಅದರ ಮ್ಯಾಲ ಜುಲ್ಮಿ ಮಾಡಿ ನೀಡಿದ್ರ ಅವ್ರಿಗಿ ಸಿಟ್ಟು ಬರ್ತೈತಿ."

"ಹಂಗಾದ್ರ ಮಂದಿ ಉಪಾಸ ಸಾಯೂದಿಲ್ಲೇನ ಬೇ?"

ತಪ್ಪೇನು ಕೇಳಿದ ಹೇಳಿ? ನಮ್ಮ ಕಡೆ ಮೊದಲ ಸಲಕ್ಕೇ ಹೂಂ ಅನ್ನುವ ಮನುಷ್ಯ ಇದ್ದಾನೆಯೇ? ಬೀಗರು ತಾಟಿಗೆ ಎರಡೂ ಕೈ ಅಡ್ಡ ಹಿಡಿದು ಸಾಕು ಸಾಕು ಅನ್ನುತ್ತಿರಬೇಕು, ಬೆರಳ ಸಂದಿಯಲ್ಲೇ ರೊಟ್ಟಿ ತುರುಕಬೇಕು, ಅದಪ್ಪ ಊಟ! ಆದರೂ ಫ್ರಾನ್ಸಿನ ಬಾಜಾ ಕಿವಿಯಲ್ಲಿ ಮೊಳಗುತ್ತಿತ್ತಲ್ಲ, ಮಾಳಸಿದ್ದ ಎದೆ ಗಟ್ಟಿ ಮಾಡಿಕೊಂಡು ಅದನ್ನೂ ಕಲಿತ.

ಮಾರ್ಗೋ ಬಂದಳು. ಕುರಿ ದೊಡ್ಡಿಯಲ್ಲಿ ಮರಿಗಳನ್ನು ಎತ್ತಿ ಹಲ್ಲು ನೋಡಿದಳು, ಗೊರಸು ನೋಡಿದಳು, ಬಿಸಿಲಲ್ಲಿ ಮಧ್ಯಾಹ್ನದವರೆಗೆ ತಿರುಗಿದಳು. ಆಮೇಲೆ ಪಡಸಾಲೆಯಲ್ಲಿ ಕೂತಳು. ಮಾಳಸಿದ್ದ ತಾನೇ ಬಡಿಸಲು ನಿಂತ. ಕೆಂಪು ಮಟನ್ ರಸ್ಸಾದ ವಾಸನೆ ಮನೆ ತುಂಬಿತ್ತು.

"ರೊಟ್ಟಿ?"

"ಬ್ಯಾಡ್ರಿ," ಅಂದಳು ಮಾರ್ಗೋ, ಅಚ್ಚ ಕನ್ನಡದಲ್ಲಿ.

ಮಾಳಸಿದ್ದ ಬಾಗಿ ನಮಸ್ಕರಿಸಿ ರೊಟ್ಟಿಯ ಬುಟ್ಟಿ ಹಿಂದಕ್ಕೆ ಒಯ್ದ.

"ರಸ್ಸಾ?"

"ಬ್ಯಾಡ್ರಿ, ಸಾಕ್ರಿ." ತಾಟಿನಲ್ಲಿ ಉಪ್ಪು ಸಹ ಇರಲಿಲ್ಲ.

ರಸ್ಸಾದ ಪಾತ್ರೆಯೂ ಹೋಯಿತು. ಮಾರ್ಗೋಳ ಕಣ್ಣು ಪಾತ್ರೆಯ ಹಿಂದೆಯೇ ಅಡುಗೆಮನೆಯವರೆಗೆ ಹೋಗಿ ಬಂತು. ಖಾರಕ್ಕೆ ಹೆದರಿರಬೇಕು ಎಂದುಕೊಂಡು, ದುಭಾಷಿಯಾಗಿ ಕೂತಿದ್ದ ಉಜ್ವಲಾ ನೀರಿನ ತಂಬಿಗೆ ಮುಂದೆ ಸರಿಸಿದಳು. ಮಾಳಸಿದ್ದ ಅಡುಗೆಮನೆಯ ಕಡೆಗೊಮ್ಮೆ, ತಾಟಿನ ಕಡೆಗೊಮ್ಮೆ ನೋಡಿದ. ಮನೆಗೆ ಬಂದವಳು ಖಾಲಿ ತಾಟಿನ ಮುಂದೆ ಕೂತಿದ್ದಾಳೆ! ಆದರೂ ಕಲಿತ ಮರ್ಯಾದೆ ಬಿಡದೆ, "ಮೆರ್ಸಿ," ಅಂದ.

ಅಷ್ಟರಲ್ಲಿ ಸೆರಗಿನಿಂದ ಬೆವರು ಒರೆಸುತ್ತ ತಾರವ್ವ ಹೊರಗೆ ಬಂದಳು. ತಾಟು ನೋಡಿದಳು, ಗಂಡನನ್ನು ನೋಡಿದಳು.

"ಏನ್ ಮಾಡಾಕತ್ತೀರಿ ನೀವು? ಹಸದ ಮಾರಿ ಕಾಣೂದಿಲ್ಲೇನು? ಸರೀರಿ ಅತ್ತಾಗ!"

ಬುಟ್ಟಿ ಕಸಿದು, ಬಿಸಿ ರೊಟ್ಟಿ ಮುರಿದು ಹಾಕಿ, ಮೇಲೆ ರಸ್ಸಾ ಸುರಿದಳು. ಮಾರ್ಗೋ ಕೈ ಅಡ್ಡ ಹಿಡಿದಳು. "ಸುಮ್ನ ಉಣ್ಣ ನನ್ನವ್ವಾ," ಎಂದು ತಾರವ್ವ ಆ ಕೈ ಸರಿಸಿ ಬೆಣ್ಣೆಯ ಉಂಡೆಯನ್ನೂ ಇಟ್ಟಳು. ಮಾರ್ಗೋ ಮೂಗು ಕಣ್ಣು ಸುರಿಸಿಕೊಂಡು ಬೆರಳು ನೆಕ್ಕುವ ತನಕ ಉಂಡಳು. ಆಮೇಲೆ ನಗುತ್ತ ಉಜ್ವಲಾಗೆ ಹೇಳಿದಳು: ನಿಪ್ಪಾಣಿಯಲ್ಲಿ ತಾನು ಉಳಿದುಕೊಂಡಿದ್ದ ಮನೆಯವರು ಕಲಿಸಿದ್ದರಂತೆ, ಈ ಕಡೆ ಕೇಳಿದ ಕೂಡಲೇ ಹೂಂ ಅನ್ನಬಾರದು, ಬೇಡ ಬೇಡ ಅನ್ನುತ್ತಿರಬೇಕು, ಅವರೇ ನೀಡುತ್ತಾರೆ ಎಂದು.

ಹೊರಡುವಾಗ ಮಾರ್ಗೋ ತಾರವ್ವನ ಕೈ ಹಿಡಿದು ಏನೋ ಅಂದಳು. ಉಜ್ವಲಾ ತಲೆ ತಗ್ಗಿಸಿದಳು.

"ಮಾಮಾ, ಅತ್ತೀನ ಕಳಸ್ರಿ ಅಂತಾಳ. ಒಬ್ಬರಿಗಷ್ಟ ಜಾಗಾ ಐತೆಂತ."

ಮಾಳಸಿದ್ದ ದೊಡ್ಡಿಗೆ ಹೋಗಿ, ಟಗರಿನ ಬೆನ್ನಿಗೆ ಮುಖವಿಟ್ಟು ಅತ್ತ. ಸುಳ್ಳೇಕೆ, ಹೊಟ್ಟೆಕಿಚ್ಚೂ ಆಗಿತ್ತು. ನಾ ಒಲ್ಲೆ ಎಂದು ತಾರವ್ವ ಹಟ ಹಿಡಿದಾಗ ಮಾತ್ರ ಅವನಿಗೆ ಸಿಟ್ಟು ಬಂತು. "ಕುರಿ ಹಿಂದ ನನ್ನಷ್ಟ ನೀನೂ ನಡದಿ, ನನ್ನಷ್ಟ ಬೈಸ್ಕೊಂಡಿ. ಹೋಗಿ ಬಾ," ಅಂದ.

ಬೇಸಿಗೆಯಲ್ಲಿ ಒಂದು ಸಂಜೆ, ಭೋಜದ ಹಾದಿಯಲ್ಲಿ ಹಿಂಡು ಕಬ್ಬಿನ ಗದ್ದೆ ದಾಟುತ್ತಿದ್ದಾಗ ಮಾಳಸಿದ್ದನ ಫೋನು ಹೊಡೆದುಕೊಂಡಿತು. ವಿಡಿಯೋ ಕಾಲ್. ಇಳಕಲ್ ಸೀರೆಯ ಕಚ್ಚೆ ಕಟ್ಟಿದ ತಾರವ್ವ, ಅವಳ ಮುಂದೆ ಬೀದಿ ತುಂಬ ಕುರಿ, ಕಿವಿ ಕಿತ್ತುಹೋಗುವಂಥ ಬಾಜಾ. "ನೋಡ್ರಿ! ಕಾಣತೈತೇನ್ರಿ?" ಎಂದು ಅವಳು ಒದರುತ್ತಿದ್ದಳು.

ಅದೇ ಹೊತ್ತಿಗೆ ಗದ್ದೆಯ ಯಜಮಾನ ಬಡಿಗೆ ಹಿಡಿದು, ಮಾಳಸಿದ್ದನ ವಂಶವನ್ನೆಲ್ಲ ಬೈಯುತ್ತ ಓಡಿಬಂದ. ಬಾಜಾ ಕೇಳಿ ನಿಂತು, ಫೋನಿನೊಳಗೆ ಇಣುಕಿದ.

"ಯಾರ ಮದಿವಿ ಲೇ ಅದು?"

ಮಾಳಸಿದ್ದ ಕಣ್ಣು ಒರೆಸಿಕೊಂಡ.

"ಮದಿವಿ ಅಲ್ರಿ, ಯಪ್ಪಾ. ಊರಾಗ ಕುರಿ ಬಂದಾವ್ರಿ."