ಸಂಸದರ ಕಚೇರಿಯ ಹಲೋ ಅಕ್ಕ

ಊರಿಗೆಲ್ಲ ಅವಳು ಹಲೋ ಅಕ್ಕ. ಸಂಸದರ ಕಚೇರಿಗೆ ಯಾರೇ ಫೋನ್ ಮಾಡಲಿ, ಆ ಕಡೆಯಿಂದ ಮೊದಲು ಕೇಳುತ್ತಿದ್ದುದು ಅವಳ ದನಿ. ಪಿಂಚಣಿ ನಿಂತುಹೋದ ಮುದುಕಿ, ಪಾಸ್‌ಪೋರ್ಟ್ ಸಿಗದೆ ಪರದಾಡುತ್ತಿದ್ದ ಹುಡುಗಿ, ಮನೆ ಮುಂದಿನ ವಿದ್ಯುತ್ ಕಂಬ ವಾಲಿದೆಯೆಂದು ದಿನಾ ಕೂಗಾಡುವ ನಿವೃತ್ತ ಮೇಷ್ಟ್ರು, ಹೀಗೆ ಎಲ್ಲರನ್ನೂ ಅವಳು ದನಿಯಿಂದಲೇ ಗುರುತು ಹಿಡಿಯುತ್ತಿದ್ದಳು. ಕಂಬಕ್ಕೂ ಸಂಸತ್ತಿಗೂ ಸಂಬಂಧವಿಲ್ಲ ಎಂದು ಮೇಷ್ಟ್ರಿಗೆ ಅವಳು ಒಮ್ಮೆಯೂ ಹೇಳಲಿಲ್ಲ. ತಾನೇ ವಿದ್ಯುತ್ ಕಚೇರಿಯವರ ಬೆನ್ನು ಬಿದ್ದು, ಕಂಬ ನೆಟ್ಟಗಾದ ಮೇಲೆ ಮೇಷ್ಟ್ರಿಗೆ ಫೋನ್ ಮಾಡಿ, "ಸಾಹೇಬ್ರು ಮಾಡಿಸಿಕೊಟ್ರು ನೋಡಿ ಸಾರ್" ಎಂದಳು. ಸಾಹೇಬರಿಗೆ ಕಂಬದ ವಿಷಯವೇ ಗೊತ್ತಿರಲಿಲ್ಲ.

ಕಚೇರಿ ಇದ್ದದ್ದು ಬಸ್ ನಿಲ್ದಾಣದ ಎದುರು, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಕಡಿದು. ಮಂಡಿ ನೋವಿನವರು ಕೆಳಗೆ ನಿಂತು ಕೂಗಿದರೆ ಅವಳೇ ಇಳಿದು ಬಂದು, ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು ಅಹವಾಲು ಕೇಳುತ್ತಿದ್ದಳು. ಮೇಲೆ ಎರಡು ಫೋನು, ಒಂದು ಕಬ್ಬಿಣದ ಬೀರು, ಬೆನ್ನು ಒರಗಿದರೆ ಕಿರುಗುಟ್ಟುವ ಕುರ್ಚಿಗಳ ಸಾಲು. ಗೋಡೆಯ ಮೇಲೆ ಸಂಸದರ ನಗುಮುಖದ ಫೋಟೋ. ಆ ನಗುವಿನಲ್ಲಿ ಮೋಸವಿರಲಿಲ್ಲ. ಮನುಷ್ಯ ನಿಜಕ್ಕೂ ಒಳ್ಳೆಯವರು. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಕ್ಷೇತ್ರವೆಲ್ಲ ತಿರುಗುತ್ತಿದ್ದರು. ಯಾರ ಮಗಳಿಗೆ ಯಾವ ಕಾಲೇಜು, ಯಾರ ಅಪ್ಪನಿಗೆ ಯಾವ ಕಾಯಿಲೆ, ಎಲ್ಲ ನೆನಪಿಟ್ಟುಕೊಂಡು ವಿಚಾರಿಸುತ್ತಿದ್ದರು. ಆ ನೆನಪಿನಲ್ಲಿ ಅರ್ಧ ಹಲೋ ಅಕ್ಕ ಕಾರಿನ ಕಿಟಕಿಗೆ ಬಗ್ಗಿ ಪಿಸುಗುಟ್ಟಿದ್ದು, ಆ ಮಾತು ಬೇರೆ.

ಅವಳು ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡಾಗ ಅವಳಿನ್ನೂ ಚಿಕ್ಕವಳು. ಅಣ್ಣ ಓದು ಬಿಟ್ಟು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸಕ್ಕೆ ಸೇರಿ ಅವಳನ್ನು ಓದಿಸಿದ. ಪಾಠವನ್ನು ಅವನೆದುರು ಗಟ್ಟಿಯಾಗಿ ಓದಿ ಒಪ್ಪಿಸಿದ ಮೇಲೇ ಅವಳಿಗೆ ಊಟ. ಬಸ್ಸಿನ ಎಂಜಿನ್ನು ಕೆಮ್ಮಿದರೆ ಸಾಕು, ರೋಗ ಏನೆಂದು ಹೇಳುತ್ತಿದ್ದ ಮನುಷ್ಯ ತನ್ನ ಮೈ ಕೆಡುತ್ತಿರುವುದನ್ನು ಗಮನಿಸಲೇ ಇಲ್ಲ. ಕಾಲು ಊದಿಕೊಂಡು ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಅದಕ್ಕೆ ದೂರದ ನಗರಕ್ಕೇ ಹೋಗಬೇಕು; ಬೆಳಿಗ್ಗೆ ಹೊರಟರೆ ಮನೆ ಸೇರುವಾಗ ಕತ್ತಲು. ಅತ್ತಿಗೆ ಜೊತೆಗೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಅವನು ಅವಳ ಹೆಗಲ ಮೇಲೆ ತಲೆಯಿಟ್ಟು ಬರುತ್ತಿದ್ದ.

ಆಗ ಹಲೋ ಅಕ್ಕ ಸಂಸದರ ಜೀವ ತಿಂದಳು. "ಸಾರ್, ನಮ್ಮ ಆಸ್ಪತ್ರೆಗೇ ಯಂತ್ರ ತರಿಸಿ. ನನ್ನ ಅಣ್ಣ ಒಬ್ಬನೇ ಅಲ್ಲ, ಹೀಗೆ ಅಲೆಯೋರು ಎಷ್ಟೋ ಜನ ನನಗೆ ಫೋನ್ ಮಾಡ್ತಾರೆ." ಸಂಸದರು ಮಂತ್ರಿಗಳ ಬಾಗಿಲಿಗೆ ಅಲೆದರು, ಸಂಸತ್ತಿನಲ್ಲಿ ಪ್ರಶ್ನೆ ಕೇಳಿದರು, ಕೊನೆಗೆ ತಂದೇಬಿಟ್ಟರು. ಊರ ಆಸ್ಪತ್ರೆಯ ಹಿಂಬದಿಯ ಕೋಣೆಗೆ ಬಿಳಿ ಸುಣ್ಣ ಬಳಿದು ಯಂತ್ರಗಳನ್ನು ಕೂರಿಸಿದರು. ಅಣ್ಣ ಮನೆಯಿಂದ ನಡೆದೇ ಹೋಗಿ ಬರತೊಡಗಿದ. ಮುಖಕ್ಕೆ ಕಳೆ ಬಂತು, ತಮಾಷೆ ಮರಳಿತು. "ನನಗೂ ಈಗ ಡಿಪೋದಲ್ಲಿ ಸರ್ವೀಸ್ ಆಗೋ ಬಸ್ಸಿನ ಹಾಗೇ, ವಾರಕ್ಕೆ ಮೂರು ಸಲ ಆಯಿಲ್ ಚೇಂಜು" ಎನ್ನುತ್ತಿದ್ದ. ಆ ವರ್ಷಗಳಲ್ಲಿ ಹಲೋ ಅಕ್ಕನ ಎದುರು ಸಂಸದರ ಬಗ್ಗೆ ಯಾರಾದರೂ ಮೂಗು ಮುರಿದರೆ ಅವರಿಗೆ ಉಳಿಗಾಲವಿರಲಿಲ್ಲ.

ಆಮೇಲೆ ಆ ಮಸೂದೆ ಬಂತು. ಸಣ್ಣ ಊರಿನ ಆಸ್ಪತ್ರೆಗಳ ವಿಶೇಷ ವಿಭಾಗಗಳನ್ನೆಲ್ಲ ನಗರದ ದೊಡ್ಡ ಆಸ್ಪತ್ರೆಗಳಿಗೆ ಸೇರಿಸಬೇಕು ಎಂಬುದು ಅದರ ತಿರುಳು. ಸುದ್ದಿ ಬಂದ ದಿನದಿಂದ ಎರಡೂ ಫೋನುಗಳಿಗೆ ಬಿಡುವಿಲ್ಲ. ಹಲೋ ಅಕ್ಕ ಎಲ್ಲರಿಗೂ ಧೈರ್ಯ ಹೇಳಿದಳು: "ಸಾಹೇಬ್ರೇ ತಂದ ಯಂತ್ರ, ಅವರೇ ಕಳಿಸ್ತಾರಾ? ಸುಮ್ನಿರಿ." ಪುರಭವನದಲ್ಲಿ ಸಭೆ ಕರೆಸಿ, ರೋಗಿಗಳ ಪರವಾಗಿ ಮಾತಾಡಲು ಅಣ್ಣನನ್ನೇ ಒಪ್ಪಿಸಿದಳು.

ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಹೆಚ್ಚು ಮಾತಾಡಲಿಲ್ಲ. "ಸಾರ್, ಆ ಕೋಣೆ ಮುಚ್ಚಿದ್ರೆ ನಾನು ನಗರಕ್ಕೆ ಹೋಗಿ ಬರ್ತಾ ಬರ್ತಾನೇ ಮುಗಿದುಹೋಗ್ತೀನಿ. ಅಷ್ಟೇ ಹೇಳೋಕೆ ಬಂದಿದ್ದು." ಸಂಸದರು ವೇದಿಕೆಯಿಂದ ಇಳಿದು ಬಂದರು. ಅವನ ಕೈಯನ್ನು ತಮ್ಮೆರಡೂ ಕೈಗಳಲ್ಲಿ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. "ಈ ಕೈ ಹಿಡಿದು ಹೇಳ್ತಿದ್ದೀನಿ, ನಿಮ್ಮ ವಿರುದ್ಧ ನನ್ನ ಮತ ಬೀಳಲ್ಲ." ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಹಲೋ ಅಕ್ಕ ಬಾಗಿಲ ಹತ್ತಿರ ನಿಂತು ಮೂಗು ಒರೆಸಿಕೊಂಡಳು.

ಮತದಾನದ ದಿನ ಡಯಾಲಿಸಿಸ್ ಕೋಣೆಯ ಟಿವಿಯಲ್ಲಿ ಸಂಸತ್ತಿನ ನೇರ ಪ್ರಸಾರ ಹಾಕಿದ್ದರು. ಪರವಾಗಿ ಒತ್ತಿದವರ ಹೆಸರಿನ ಮುಂದೆ ಹಸಿರು ದೀಪ, ವಿರೋಧಿಸಿದವರ ಮುಂದೆ ಕೆಂಪು. ದೊಡ್ಡ ಫಲಕವನ್ನು ಕ್ಯಾಮೆರಾ ನಿಧಾನವಾಗಿ ತೋರಿಸುತ್ತ ಹೋಯಿತು. ಸಂಸದರ ಹೆಸರಿನ ಮುಂದೆ ಹಸಿರು. ತೋಳಿಗೆ ಕೊಳವೆ ಚುಚ್ಚಿಕೊಂಡು ಮಲಗಿದ್ದವರು ಯಾರೂ ಎದ್ದು ಹೋಗುವ ಹಾಗಿರಲಿಲ್ಲ. ನರ್ಸು ಟಿವಿ ಆರಿಸಲು ಹೋದಾಗ ಒಬ್ಬ ಹೆಂಗಸು, "ಇರಲಿ ಬಿಡಮ್ಮ, ಪೂರ್ತಿ ನೋಡೇಬಿಡೋಣ" ಎಂದಳು. ಮಸೂದೆ ಭಾರೀ ಬಹುಮತದಿಂದ ಪಾಸಾಯಿತು.

ಕಚೇರಿಗೆ ಆಗಲೇ ಆಪ್ತ ಕಾರ್ಯದರ್ಶಿ ಓಡಿ ಬಂದಿದ್ದ. ಕೇಳಿದವರಿಗೆಲ್ಲ ಹೇಳಬೇಕಾದ ಒಂದೇ ಒಂದು ವಾಕ್ಯವನ್ನು ಅವಳ ಮುಂದಿಟ್ಟ. ಅವಳು ಫೋನ್ ಎತ್ತುತ್ತಲೇ ಹೋದಳು. ಜನ ಬೈದರು, ಅತ್ತರು, ಕೆಲವರು ಏನೂ ಹೇಳದೆ ಇಟ್ಟುಬಿಟ್ಟರು. ಎಲ್ಲರಿಗೂ ಅದೇ ವಾಕ್ಯ. ಮಧ್ಯಾಹ್ನದ ಹೊತ್ತಿಗೆ ಮತ್ತೊಂದು ಕರೆ.

"ನಾನೂ ಇದೇ ಕ್ಷೇತ್ರದ ಮತದಾರ ಕಣಮ್ಮ. ನಿಮ್ಮ ಸಾಹೇಬ್ರು ಹಸಿರು ಯಾಕೆ ಒತ್ತಿದ್ರು ಅಂತ ಕೇಳೋಣ ಅಂತ ಮಾಡ್ದೆ."

ದನಿಯ ಹಿಂದೆ ಯಂತ್ರ ಗುಂಯ್‌ಗುಡುತ್ತಿತ್ತು.

"ಅಣ್ಣಾ..."

"ಎಲ್ಲರಿಗೂ ಏನು ಹೇಳ್ತಿದ್ದೀಯೋ ಅದನ್ನೇ ನನಗೂ ಹೇಳು."

ಕಾರ್ಯದರ್ಶಿ ಮೇಜಿನ ಪಕ್ಕದಲ್ಲೇ ನಿಂತಿದ್ದ. ಅವಳು ಹೇಳಿದಳು: "ದೇಶದ ಸಮಗ್ರ ಆರೋಗ್ಯ ವ್ಯವಸ್ಥೆಯ ಹಿತದೃಷ್ಟಿಯಿಂದ ಮಾನ್ಯ ಸಂಸದರು ಈ ನಿರ್ಧಾರ ಕೈಗೊಂಡಿದ್ದು, ಕ್ಷೇತ್ರದ ಜನತೆಗೆ ತೊಂದರೆಯಾಗದಂತೆ ಪರ್ಯಾಯ ವ್ಯವಸ್ಥೆ ಕಲ್ಪಿಸಲು ಬದ್ಧರಾಗಿದ್ದಾರೆ."

"ಚೆನ್ನಾಗಿ ಓದಿದೆ," ಎಂದ ಅಣ್ಣ. ಅಣಕವೇನೂ ಇರಲಿಲ್ಲ. "ಚಿಕ್ಕೋಳಿದ್ದಾಗಿಂದ್ಲೂ ನಿನ್ನ ಓದು ಸ್ಪಷ್ಟ."

ವಾರ ಕಳೆದು ಸಂಸದರು ಊರಿಗೆ ಬಂದಾಗ ಹಲೋ ಅಕ್ಕ ಅವರ ಕೋಣೆಗೆ ಹೋಗಿ ನಿಂತಳು. ಅವರೇ ಮೊದಲು ಮಾತೆತ್ತಿದರು. "ನಿಮ್ಮ ಮುಖ ನೋಡೋಕೆ ನಂಗೆ ಕಷ್ಟ ಆಗ್ತಿದೆ ಅಕ್ಕಾ."

"ಕೈ ಹಿಡಿದು ಹೇಳಿದ್ರಲ್ಲ ಸಾರ್."

"ಹೇಳಿದಾಗ ಹಾಗೇ ಅಂದ್ಕೊಂಡಿದ್ದೆ. ಸುಳ್ಳು ಹೇಳಿರ್ಲಿಲ್ಲ. ಪಕ್ಷದ ಆದೇಶ ಬಂತು. ಮೀರಿದ್ರೆ ಮುಂದಿನ ಸಲ ಟಿಕೆಟ್ ಇಲ್ಲ. ನಾನೇ ಇಲ್ದೆ ಹೋದ್ರೆ ಈ ಊರಿಗೆ ಯಾರಿದ್ದಾರೆ ಹೇಳಿ? ಇನ್ನೊಂದು ಮಾತು, ನನ್ನ ಒಂದು ಮತದಿಂದ ಅದು ನಿಲ್ತಿತ್ತಾ?"

ನಿಲ್ಲುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಸಂಜೆ ಅಣ್ಣನ ಮನೆಗೆ ಹೋಗಿ ಆ ಮಾತನ್ನೇ ಹೇಳಿದಾಗ ಅವನು, "ನಿಲ್ತಿರ್ಲಿಲ್ಲ, ನಂಗೂ ಗೊತ್ತು. ಅಷ್ಟು ಹಸಿರಿನ ಮಧ್ಯೆ ನಮ್ಮೂರಿಂದು ಅಂತ ಒಂದು ಕೆಂಪು ಇದ್ದಿದ್ರೆ ಸಾಕಿತ್ತು" ಎಂದು ಗೋಡೆಯ ಕಡೆ ಮಗ್ಗುಲಾದ.

ಆ ದಿನಗಳಲ್ಲೇ ಅವಳು ಕಚೇರಿಯ ಕಂಪ್ಯೂಟರಿನಲ್ಲಿ ಸಂಸದರ ಹಳೆಯ ಮತಗಳನ್ನೆಲ್ಲ ತೆಗೆದು ನೋಡಿದಳು. ಯಾರು ಬೇಕಾದರೂ ನೋಡಬಹುದಾಗಿದ್ದ ವಿಷಯ ಅದು. ಇಷ್ಟು ವರ್ಷ ಅವಳಿಗೆ ಬೇಕೆನಿಸಿರಲಿಲ್ಲ. ವರ್ಷಕ್ಕೊಮ್ಮೆ ಮನೆಮನೆಗೆ ಕಳಿಸುತ್ತಿದ್ದ ಸಾಧನೆಯ ಕಿರುಹೊತ್ತಗೆಯಲ್ಲಿ ಸಂಸದರ ಹಾಜರಾತಿ ಇರುತ್ತಿತ್ತು, ಕೇಳಿದ ಪ್ರಶ್ನೆಗಳಿರುತ್ತಿದ್ದವು, ಹಾಕಿದ ಮತಗಳು ಇರುತ್ತಿರಲಿಲ್ಲ. ನೋಡಿದರೆ ಪಕ್ಷ ಹೇಳಿದಂತೆ ಒತ್ತದ ಮತ ಒಂದೂ ಇಲ್ಲ. ಯಾವುದೋ ಕಣಿವೆಯ ರೈಲು ನಿಲ್ಲಿಸಿದ್ದು, ಎಲ್ಲಿಯದೋ ಅಂಚೆ ಕಚೇರಿಗಳಿಗೆ ಬೀಗ ಹಾಕಿದ್ದು, ಕಣ್ಣು ಕಾಣದವರ ಭತ್ಯೆ ಕಡಿತ ಮಾಡಿದ್ದು, ಎಲ್ಲಕ್ಕೂ ಹಸಿರು. ಆ ಊರುಗಳಲ್ಲೂ ಯಾವಳೋ ಒಬ್ಬಳು ಆ ದಿನಗಳಲ್ಲಿ ಹೀಗೇ ಫೋನ್ ಎತ್ತುತ್ತ ಕೂತಿರಬೇಕು ಎಂದು ಅವಳಿಗೆ ಹೊಳೆಯಿತು. ಕಂಪ್ಯೂಟರ್ ಆರಿಸಿ ಕೆಳಗಿಳಿದು, ಬಸ್ ನಿಲ್ದಾಣದ ಬೆಂಚಿನ ಮೇಲೆ ಸುಮ್ಮನೆ ಕೂತಳು.

ಯಂತ್ರಗಳನ್ನು ಲಾರಿಗೆ ಹೇರಿ ಒಯ್ದರು. ಪರ್ಯಾಯ ವ್ಯವಸ್ಥೆಯೆಂದರೆ ಒಂದು ವ್ಯಾನು. ಮೊದಮೊದಲು ಸರಿಯಾಗಿ ಬರುತ್ತಿತ್ತು, ಆಮೇಲೆ ತಡವಾಗಿ, ಆಮೇಲೆ ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ. ವ್ಯಾನು ಬಾರದ ದಿನ ಜನ ಅವಳಿಗೇ ಫೋನ್ ಮಾಡುತ್ತಿದ್ದರು. ಅವಳು ವ್ಯಾನಿನ ಗುತ್ತಿಗೆದಾರನಿಗೆ, ಆಸ್ಪತ್ರೆಗೆ, ಕಾರ್ಯದರ್ಶಿಗೆ ಮಾಡಿ ಗಂಟಲು ಹರಿದುಕೊಳ್ಳುತ್ತಿದ್ದಳು. ಅಣ್ಣ ಮತ್ತೆ ಬಸ್ಸು ಹತ್ತಿದ. ಹಳೆಯ ಡಿಪೋದ ಬಸ್ಸೇ. ಎಂಜಿನ್ನು ಕೆಮ್ಮಿದರೂ ಈಗ ಅವನು ಕಿವಿಗೊಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಅತ್ತಿಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಗ ಅವನು ಕುರ್ಚಿಯಿಂದ ಏಳಲಿಲ್ಲ.

"ಇವತ್ತು ಬೇಡ ಕಣೆ."

"ಹಾಗಂದ್ರೆ ಹೇಗ್ರೀ?"

"ಸಾಕು ಅನ್ನಿಸಿದೆ. ನೀನೂ ಕೂತ್ಕೋ."

ಹಲೋ ಅಕ್ಕ ಓಡಿ ಬಂದಳು, ಕೈಕಾಲು ಹಿಡಿದಳು, ಕಾರು ಮಾಡಿಸುತ್ತೇನೆಂದಳು. ಅವನು ಅವಳ ತಲೆ ನೇವರಿಸಿ, "ನಿನ್ನ ತಪ್ಪು ಏನಿದೆ ಇದ್ರಲ್ಲಿ?" ಎಂದಷ್ಟೇ ಕೇಳಿದ. ಅದು ಸಮಾಧಾನವೋ ನಿಜವಾದ ಪ್ರಶ್ನೆಯೋ ಅವಳಿಗೆ ಕೊನೆಗೂ ತಿಳಿಯಲಿಲ್ಲ. ಆ ತಿಂಗಳು ತುಂಬುವ ಮೊದಲೇ ಅವನು ಹೋದ.

ಸಂಸದರು ಸಂತಾಪ ಹೇಳಲು ಬಂದರು. ಕ್ಷೇತ್ರದಲ್ಲಿ ಯಾರ ಮನೆಯಲ್ಲಿ ಸಾವಾದರೂ ಸಂಸದರ ಭೇಟಿಗೆ ಹೊತ್ತು ಗೊತ್ತುಮಾಡುತ್ತಿದ್ದವಳು ಅವಳೇ. ಈ ಸಲ ಕಾರ್ಯದರ್ಶಿ ಮಾಡಿದ. ಸಂಸದರು ನಿಜಕ್ಕೂ ಅತ್ತರು. ಅತ್ತಿಗೆ ಅವರಿಗೆ ನೀರು ಕೊಟ್ಟಳು, ಕುರ್ಚಿ ಹಾಕಿದಳು, ಹೊರಟಾಗ ಬಾಗಿಲ ತನಕ ಹೋಗಿ, "ಮೆಟ್ಟಿಲು ನೋಡ್ಕೊಂಡು ಇಳೀರಿ" ಎಂದಳು.

ಆ ವರ್ಷದ ಸಾಧನೆಯ ಕಿರುಹೊತ್ತಗೆ ಅಚ್ಚಾಗಿ ಬಂದಾಗ, ಮಡಿಸಿ ಲಕೋಟೆಗೆ ಹಾಕಲು ಕೂತ ಹಲೋ ಅಕ್ಕನ ಕೈ ನಿಂತುಹೋಯಿತು. ಒಳಪುಟದಲ್ಲಿ ಪುರಭವನದ ಸಭೆಯ ಚಿತ್ರ: ಸಂಸದರ ಎರಡು ಕೈಗಳ ನಡುವೆ ಅಣ್ಣನ ಕೈ. ಕೆಳಗೆ, 'ಜನರ ನೋವಿಗೆ ಸದಾ ಸ್ಪಂದನ'.

"ಈ ಪುಟ ತೆಗೆಸಿ," ಎಂದಳು ಕಾರ್ಯದರ್ಶಿಗೆ.

ಅವನ ಮುಖ ಸಣ್ಣಗಾಯಿತು. "ಯಾರು ಅಂತ ಪ್ರೆಸ್ಸಿನವರಿಗೆ ಹೇಗೆ ಗೊತ್ತಾಗ್ಬೇಕು ಅಕ್ಕಾ? ಚಿತ್ರ ಚೆನ್ನಾಗಿದೆ ಅಂತ ಹಾಕಿದ್ದಾರೆ. ಎಲ್ಲಾ ಅಚ್ಚಾಗಿಹೋಗಿದೆ."

ಕೆಲಸ ಬಿಡಬೇಕೆಂದು ಅವಳಿಗೆ ಅನಿಸಲಿಲ್ಲವೆಂದಲ್ಲ. ಬಿಟ್ಟರೆ ಆ ವಯಸ್ಸಿಗೆ ಬೇರೆ ಯಾರೂ ಕೊಡುವವರಿರಲಿಲ್ಲ. ವ್ಯಾನಿಗಾಗಿ ಕಾಯುತ್ತಿದ್ದ ಮಿಕ್ಕವರಿಗೆ ಫೋನ್ ಎತ್ತಿ ಗಂಟಲು ಹರಿದುಕೊಳ್ಳಲೂ ಬೇರೆ ಯಾರೂ ಇರಲಿಲ್ಲ. ಅವಳು ಮಡಿಸಿದಳು. ಎಲ್ಲವನ್ನೂ ಮಡಿಸಿದಳು. ಅಣ್ಣನ ಮನೆಯ ಲಕೋಟೆಯನ್ನು ಮಾತ್ರ ಹರಿದು ಬುಟ್ಟಿಗೆ ಹಾಕಿದಳು.

ಆದರೂ ಅದು ಅತ್ತಿಗೆಯ ಕೈ ಸೇರಿತು. ಪಕ್ಕದ ಮನೆಯಾಕೆ ತಂದು ತೋರಿಸಿದ್ದಳು. ಹಲೋ ಅಕ್ಕ ಹೋಗುವಷ್ಟರಲ್ಲಿ ಅತ್ತಿಗೆ ಕತ್ತರಿ ಹಿಡಿದು ಕೂತಿದ್ದಳು. "ಇಷ್ಟು ಚೆನ್ನಾಗಿರೋ ಫೋಟೋ ನಮ್ಮನೇಲಿ ಇನ್ನೊಂದಿಲ್ಲ" ಎಂದಳು. ಸಂಸದರ ಮುಖ, ಭುಜ, ತೋಳು ಎಲ್ಲ ಕತ್ತರಿಸಿ ಹೋಯಿತು. ಅಣ್ಣನ ಕೈಯನ್ನು ಹಿಡಿದಿದ್ದ ಆ ಎರಡು ಕೈಗಳನ್ನು ತೆಗೆಯಲು ಹೋದರೆ ಅಣ್ಣನ ಕೈಯೇ ಹೋಗುತ್ತಿತ್ತು. ಎರಡು ಮೂರು ಸಲ ಕತ್ತರಿಯನ್ನು ಅತ್ತಿತ್ತ ತಿರುಗಿಸಿ ನೋಡಿ, ಅತ್ತಿಗೆ ಹಾಗೇ ಬಿಟ್ಟಳು.

ಮುಂದಿನ ಚುನಾವಣೆಯಲ್ಲಿ ಸಂಸದರು ಮತ್ತೆ ಗೆದ್ದರು; ಅಂತರ ಕಡಿಮೆಯಾಗಿತ್ತು, ಅಷ್ಟೇ. ಎದುರಾಳಿಯ ಪಕ್ಷವೂ ಆ ಮಸೂದೆಗೆ ಹಸಿರನ್ನೇ ಒತ್ತಿತ್ತು. ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಈಗ ಮುರಿದ ಮಂಚಗಳನ್ನು ಪೇರಿಸಿದ್ದಾರೆ.

ಭಾನುವಾರ ಹಲೋ ಅಕ್ಕ ಅತ್ತಿಗೆಯ ಮನೆಗೆ ಊಟಕ್ಕೆ ಹೋಗುತ್ತಾಳೆ. "ಬಾ, ಆದ್ರೆ ಆಫೀಸಿನ ಮಾತು ಹೊಸಿಲಾಚೆ ಬಿಟ್ಟು ಬಾ" ಎಂದು ಅತ್ತಿಗೆ ಮೊದಲೇ ಹೇಳಿಬಿಟ್ಟಿದ್ದಾಳೆ. ಹಾಗಾಗಿ ಇಬ್ಬರೂ ಸೋರುವ ನಲ್ಲಿಯ ಬಗ್ಗೆ, ಮಹಡಿ ಮನೆಯವರ ಹೊಸ ನಾಯಿಯ ಬಗ್ಗೆ ಮಾತಾಡುತ್ತಾರೆ. ಅದು ಮುಗಿದ ಮೇಲೆ ಮಾತು ಸಿಗುವುದಿಲ್ಲ. ಅತ್ತಿಗೆ ತಟ್ಟೆ ತೊಳೆಯುತ್ತಾಳೆ, ಹಲೋ ಅಕ್ಕ ಒರೆಸಿ ಜೋಡಿಸುತ್ತಾಳೆ, ಬಸ್ಸಿನ ಹೊತ್ತಾಯಿತೆಂದು ಎದ್ದು ಹೊರಡುತ್ತಾಳೆ.