ಬೂಟು ಮೊದಲು, ಕೀಲು ಆಮೇಲೆ

ಚತುಶ್ಚಕ್ರ ಸಾಮ್ರಾಜ್ಯದ ಸಮಸ್ತ ಮಾಲೀಕ ಮಹಾಪ್ರಭುಗಳೇ, ಈ ಬಡವನ ಬಿನ್ನಹ!

ಇಂದು ಗುಬ್ಬಿಯ ಗ್ಯಾರೇಜೊಂದರ ಮುಂದೆ ಹಾಯುವಾಗ ಕರಿ ಗ್ರೀಸಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹೆಬ್ಬೂರಿನ ನಮ್ಮ ಅಂಗಳ ಕಣ್ಮುಂದೆ ಬಂತು. ತಾತ ತುಮಕೂರಿಗೆ ಹೋಗಿದ್ದ ಹೊತ್ತು ನೋಡಿ ಅಪ್ಪ, ಚಿಕ್ಕಪ್ಪ ಇಬ್ಬರೂ ತಾತನ ಕಾರಿನ ಚಕ್ರ ತಿರುಗಿಸುವ ಡ್ರೈವ್‌ಶಾಫ್ಟ್ ಬಿಚ್ಚಿ, ಕೀಲಿನ ಗ್ರೀಸು ಕಾಯುವ ಹರಿದ ರಬ್ಬರ್ ಬೂಟು ಬದಲಿಸುತ್ತಿದ್ದರು. ಸಿಕ್ಕಿಬಿದ್ದರೆ ಕಾರಿನ ಕೀ ಮತ್ತೆ ಕೈಗೆ ಸಿಗುವುದಿಲ್ಲ. ಕೈ ಒರೆಸಿ ಒರೆಸಿ ಚಿಕ್ಕಪ್ಪನ ಪಂಚೆಯೇ ಕಪ್ಪಾಗಿತ್ತು. ಹುಡುಗನಾಗಿದ್ದ ನಾನು ಸ್ಪ್ಯಾನರ್ ಎತ್ತಿಕೊಡುತ್ತಿದ್ದೆ.

ಸುತ್ತಿಗೆಯ ಏಟಿಗೆ ಕೀಲು ‘ಟಕ್’ ಎಂದು ಕೂತಿತು. ಅಪ್ಪ ನೆಮ್ಮದಿಯ ಉಸಿರು ಬಿಟ್ಟರು.

“ಏನ್ರಲಾ, ಹೊಸ ಬೂಟು ಇಲ್ಲೇ ಬಿದ್ದೈತಲ್ಲ?” ಎಂದಳು, ಪೊರಕೆಗೆ ಗರಿ ಸೀಳುತ್ತಿದ್ದ ಅಜ್ಜಿ.

ಇಬ್ಬರೂ ಬಿಳಿಚಿಕೊಂಡರು. ಬೂಟನ್ನು ಮೊದಲೇ ಶಾಫ್ಟಿಗೆ ತೂರಿಸದಿದ್ದರೆ ಆಮೇಲೆ ಅದು ಕೀಲು ದಾಟುವುದಿಲ್ಲ.

“ಬಿಚ್ಚೋ ಬೇಗ!” ಎಂದರು ಅಪ್ಪ.

“ಬರ್ತಾ ಇಲ್ಲ ಕಣಣ್ಣ!”

ಅಷ್ಟರಲ್ಲಿ ಬಸ್ಸಿನ ಹಾರನ್. ತಾತ ಬಂದರು. ಶಾಫ್ಟನ್ನೂ ಮಕ್ಕಳನ್ನೂ ನೋಡಿದರು.

“ಬೂಟ್ ಮರ್ತ್ರಾ? ತತ್ತಾರ್ಲಾ ಕೀನ.” ಕೀ ಸೊಂಟ ಸೇರಿತು. ನನ್ನತ್ತ ತಿರುಗಿ, “ನಿಂಗೂ ಇಲ್ಲ ಕಣ್ಲಾ” ಎಂದರು.

ಇಂದು ಗ್ಯಾರೇಜಿನವರಿಗೆ “ಬೂಟು ಮೊದಲು!” ಎಂದು ಗಂಭೀರವಾಗಿ ಅಪ್ಪಣೆ ಕೊಡಿಸಿ ಬಸ್‌ಸ್ಟ್ಯಾಂಡಿಗೆ ನಡೆದೆ. ನನಗೆ ಕಾರು ಓಡಿಸಲು ಬರುವುದಿಲ್ಲ.