ಕೆಮ್ಮದವನ ಮೇಲೆ ಅನುಮಾನ

ಕೊರೊನಾ ಕಾಲದಲ್ಲಿ ಊರೂರು ತಿರುಗಿ ಜನರ ಮೂಗಿಗೆ ಪರೀಕ್ಷೆಯ ಕಡ್ಡಿ ಹಾಕುವುದು ನನ್ನ ಕೆಲಸವಾಗಿತ್ತು. ಹಾಗೆ ಒಮ್ಮೆ ತಾಂಡೂರಿನ ಕಲ್ಲು ಕೊಯ್ಯುವ ಕಾರ್ಖಾನೆಗೆ ಹೋದೆ. ಕಲ್ಲಿನ ಧೂಳಿಗೆ ಅಲ್ಲಿ ಎಲ್ಲರೂ ವರ್ಷವಿಡೀ ಕೆಮ್ಮುವವರೇ. ಕೆಮ್ಮದವನು ಒಬ್ಬನೇ, ಗಾಜಿನ ಕೋಣೆಯಲ್ಲಿ ಕೂತು ಹುಕುಂ ಮಾಡುವ ಮೇಸ್ತ್ರಿ ಶರಣಪ್ಪ.

"ಕೆಮ್ಮೋರನ್ನ ನೋಡ್ರಿ. ನನ್ನ ಮೂಗಿಗ್ಯಾಕ ಬರ್ತೀರಿ?" ಎಂದು ಗದರಿದ. ನಾನು ಬಿಡಲಿಲ್ಲ.

ಫಲಿತಾಂಶ ಬಂತು. ಕೆಮ್ಮುವವರೆಲ್ಲ ಪಾರಾಗಿದ್ದರು. ಕೊರೊನಾ ಇದ್ದದ್ದು ಶರಣಪ್ಪನಿಗೆ ಮಾತ್ರ.

"ನಿಮ್ಮ ಮಷೀನ್ ಖರಾಬ್ ಆಗ್ಯದ! ಜ್ವರ ಇಲ್ಲ, ಕೆಮ್ಮ ಇಲ್ಲ, ಮುಂಜಾನೆ ಹೊಟ್ಟಿ ತುಂಬ ರೊಟ್ಟಿ ತಿಂದೀನ್ರಿ!"

ಯಾವ ಲಕ್ಷಣವೂ ಇಲ್ಲದವರಲ್ಲೂ ರೋಗ ಇರುತ್ತದೆ, ಅವರಿಂದಲೂ ಹರಡುತ್ತದೆ ಎಂದು ನಾನು ಎಲ್ಲರೆದುರು ಬಿಡಿಸಿ ಹೇಳಿದೆ. ಕಲ್ಲು ಉಜ್ಜುವ ಮಾಣಿಕಮ್ಮ ಗಮನವಿಟ್ಟು ಕೇಳಿ, ಉಳಿದವರ ಕಡೆ ತಿರುಗಿದಳು.

"ತಿಳೀತಿಲ್ಲರಿ? ಕೆಮ್ಮೋರಿಗಿ ಏನೂ ಆಗಿಲ್ಲ. ಕೆಮ್ಮಲಾರದವ್ರ ಬಲ್ಲಿ ಮಾತ್ರ ಹೋಗಬ್ಯಾಡ್ರಿ!"

"ಹಂಗಲ್ಲವ್ವಾ, ಕೆಮ್ಮೋರಿಗೂ ಬರ್ತದ," ಎಂದೆ. ಯಾರ ಕಿವಿಗೂ ಬೀಳಲಿಲ್ಲ. ಶರಣಪ್ಪ ಮನೆಗೆ ಹೊರಟಾಗ ಕೆಮ್ಮುವವರೆಲ್ಲ ಮುಖಕ್ಕೆ ಸೆರಗು, ಟವೆಲ್ ಹಿಡಿದು ದಾರಿ ಬಿಟ್ಟರು.

ಮುಂದಿನ ಸಲ ಹೋದಾಗ ಅವನು ವಾಸಿಯಾಗಿ ಕೆಲಸಕ್ಕೆ ಮರಳಿದ್ದ. ಗಾಜಿನ ಕೋಣೆಯಿಂದ ಆಗಾಗ ಹೊರಗೆ ಬಂದು, ಎಲ್ಲರಿಗೂ ಕೇಳುವಂತೆ ಕೆಮ್ಮಿ ಒಳಗೆ ಹೋಗುತ್ತಿದ್ದ.

ಮಾಣಿಕಮ್ಮ ನನಗೆಂದು ಚಹಾ ತಂದವಳು ದೂರದಲ್ಲೇ ನಿಂತು ನನ್ನ ಗಂಟಲನ್ನೇ ದಿಟ್ಟಿಸತೊಡಗಿದಳು. ಸರ್ಕಾರದ ವತಿಯಿಂದ ಬಂದವನು ನಾನು, ವಿಜ್ಞಾನ ಓದಿದವನು. ಎರಡು ಸಲ ಜೋರಾಗಿ ಕೆಮ್ಮಿದೆ.

ಚಹಾ ಕೈಗೆ ಬಂತು.